ಓದುಗರ ಪ್ರಶ್ನೆ, ನಮ್ಮ ಉತ್ತರ: ಬರೆ ಕುಸಿದ ಮೇಲೆ ಪ್ರಾರ್ಥನೆ ಹೇಗೆ?

ಪ್ರಶ್ನೆ: ಬರೆ (ಗುಡ್ಡದ ಇಳಿಜಾರು) ಕುಸಿದು ನಮ್ಮ ಮನೆಯೂ ಒಂದೂವರೆ ಎಕರೆ ಕಾಫಿ ತೋಟವೂ ಹೋದವು. ‘ನೀವು ಮನೆಯಲ್ಲಿ ಕುಟುಂಬ ಪ್ರಾರ್ಥನೆ ಬಿಟ್ಟಿದ್ದಕ್ಕೇ ಹೀಗಾಯಿತು’ ಎಂದು ಸಭೆಯ ಹಿರಿಯರೊಬ್ಬರು ಎಲ್ಲರೆದುರು ಹೇಳಿದರು. ಅಂದಿನಿಂದ ಚರ್ಚಿಗೆ ಹೋಗಲು ಕಾಲೇ ಏಳುತ್ತಿಲ್ಲ. ದೇವರು ನಮಗೆ ಶಿಕ್ಷೆ ಕೊಟ್ಟನೇ?
– ಮಾದಾಪುರ ಕಡೆಯ ಓದುಗರು

ಉತ್ತರ: ಇಲ್ಲಮ್ಮ. ಆ ಹಿರಿಯರ ಮಾತು ತಪ್ಪು. ನಿಮ್ಮನ್ನು ಸಮಾಧಾನ ಮಾಡಲು ಹೀಗೆ ಹೇಳುತ್ತಿಲ್ಲ, ಸುವಾರ್ತೆಯಲ್ಲೇ ಹಾಗಿದೆ. ಲೂಕನ ಸುವಾರ್ತೆಯ 13ನೇ ಅಧ್ಯಾಯ ತೆಗೆದು ಮೊದಲ ಐದು ವಚನ ಓದಿ. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದೆಲ್ಲರಿಗಿಂತ ದೊಡ್ಡ ಪಾಪಿಗಳಾಗಿದ್ದರೇ ಎಂದು ಯೇಸು ತಾನೇ ಕೇಳಿ, ಅಲ್ಲ ಎಂದು ತಾನೇ ಉತ್ತರ ಕೊಡುತ್ತಾನೆ. ಅದರ ಬೆನ್ನಿಗೇ ಬರುವ ಪಶ್ಚಾತ್ತಾಪದ ಕರೆ ಎದುರಿಗೆ ನಿಂತು ಕೇಳುತ್ತಿದ್ದ ಜನರಿಗೆ. ಸತ್ತವರ ಲೆಕ್ಕವನ್ನು ಅವನು ಬಿಚ್ಚಲೇ ಇಲ್ಲ. ಯೊವಾನ್ನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನ ವಿಷಯದಲ್ಲೂ ಅಷ್ಟೇ: ಇವನೂ ಪಾಪ ಮಾಡಿಲ್ಲ, ಇವನ ತಂದೆತಾಯಿಯೂ ಮಾಡಿಲ್ಲ.

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಬರೆ ಜಾರಿದಾಗ ಯಾರ ಮನೆಯಲ್ಲಿ ಜಪಸರ ನಡೆಯುತ್ತಿತ್ತು, ಯಾರ ಮನೆಯಲ್ಲಿ ದೀಪ ಹಚ್ಚುತ್ತಿದ್ದರು ಎಂದು ಮಣ್ಣು ನೋಡಲಿಲ್ಲ. ದಿನಗಟ್ಟಲೆ ಎಡೆಬಿಡದೆ ಮಳೆ ಹೊಯ್ದರೆ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಹಿಡಿತ ಬಿಡುತ್ತದೆ. ರಸ್ತೆಗೋ ಮನೆಗೋ ಎಂದು ಬರೆಯ ಬುಡ ಕಡಿದಿದ್ದರೆ, ನೀರು ಹರಿಯುವ ಚರಂಡಿ ಮುಚ್ಚಿಹೋಗಿದ್ದರೆ ಇನ್ನೂ ಬೇಗ ಜಾರುತ್ತದೆ. ನೀತಿವಂತರ ಮೇಲೂ ಅನೀತಿವಂತರ ಮೇಲೂ ಒಂದೇ ಮಳೆ ಸುರಿಯುತ್ತದೆ ಎಂದು ಯೇಸು ಹೇಳಿದ್ದನ್ನು (ಮತ್ತಾಯ 5:45) ಕೊಡಗಿನವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಒಂದು ವಿಷಯ ಗಮನದಲ್ಲಿರಲಿ. ‘ಕಾರಣವೇ ಇಲ್ಲ’ ಎಂದುಕೊಳ್ಳುವುದಕ್ಕಿಂತ ‘ನನ್ನದೇ ತಪ್ಪು’ ಎಂದುಕೊಳ್ಳುವುದು ಮನಸ್ಸಿಗೆ ಎಷ್ಟೋ ಸಲ ಸುಲಭ. ತಪ್ಪು ನನ್ನದಾದರೆ, ತಿದ್ದಿಕೊಂಡರೆ ಮುಂದೆ ಹೀಗಾಗದು ಎಂಬ ಆಸೆ ಉಳಿಯುತ್ತದಲ್ಲ! ಅದಕ್ಕೇ ಆ ಹಿರಿಯರ ಮಾತು ಅಷ್ಟು ಆಳಕ್ಕೆ ಇಳಿದಿದೆ.

ಚರ್ಚಿಗೆ ಮರಳುವುದನ್ನು ಭಾನುವಾರದ ಜಂಗುಳಿಯಿಂದ ಶುರು ಮಾಡಬೇಡಿ. ವಾರದ ನಡುವಿನ ಒಂದು ಪೂಜೆಗೋ ಆರಾಧನೆಗೋ ಹೋಗಿ, ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ. ಆಮೇಲೆ ಫಾದರ್ ಅಥವಾ ಸಭಾಪಾಲಕರನ್ನು ಕಂಡು, ಹಿರಿಯರು ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೆ ತಿಳಿಸಿ. ಸಭೆಯೆದುರು ಆಡಿದ ಮಾತನ್ನು ಸಭೆಯೇ ತಿದ್ದಬೇಕು.

ಇಂಥ ಮನೆಗಳಿಗೆ ಹೋಗುವ ಉಳಿದವರಿಗೂ ಒಂದು ಮಾತು. ಬೈಬಲಿನಲ್ಲಿ ಆಸ್ತಿ, ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಆ ಏಳು ದಿನ ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದು ಕಾರಣ ಹೇಳತೊಡಗಿದ ಮೇಲೆ ಕೆಟ್ಟರು, ಕೊನೆಗೆ ದೇವರ ಸಿಟ್ಟು ಬಿದ್ದದ್ದೂ ಅವರ ಮೇಲೆಯೇ. ಆದ್ದರಿಂದ ಹೋಗುವಾಗ ಅಕ್ಕಿ, ಒಣಗಿದ ಹೊದಿಕೆ, ಟಾರ್ಚು ತೆಗೆದುಕೊಂಡು ಹೋಗಿ. ಮಣ್ಣು ಎತ್ತುವ ಮೊದಲು ಮನೆ, ತೋಟಗಳ ಫೋಟೊ ತೆಗೆದುಕೊಡಿ, ಪರಿಹಾರದ ಅರ್ಜಿಗೆ ಬೇಕಾಗುತ್ತದೆ. ‘ಎಲ್ಲ ದೇವರ ಚಿತ್ತ’ ಎಂಬ ಮಾತನ್ನು ಮಾತ್ರ ನಿಮ್ಮ ಮನೆಯಲ್ಲೇ ಬಿಟ್ಟು ಹೋಗಿ. ಸಾವಾದ ಮನೆಯಾದರೆ, ಮೂವತ್ತನೇ ದಿನದ ಪೂಜೆ ಮುಗಿದ ಮೇಲೆ ಯಾರೂ ಆ ಕಡೆ ಸುಳಿಯುವುದಿಲ್ಲ, ಅವರಿಗೆ ಜನ ಬೇಕಾಗುವುದು ಆಗಲೇ. ಮುಂದಿನ ಮುಂಗಾರಿನಲ್ಲಿ ಶೀಟಿನ ಮೇಲೆ ಮೊದಲ ಜೋರು ಮಳೆ ಬಡಿದ ರಾತ್ರಿ ಒಂದು ಫೋನು ಮಾಡಿ.

ಪ್ರಶ್ನೆ: ಗಂಡನಿಗೆ ಲಕ್ವ ಹೊಡೆದು ಎಂಟು ತಿಂಗಳಾಯಿತು. ಪ್ರಾರ್ಥನೆಗೆ ಕೂತರೆ ಮಾತು ಬರುವುದಿಲ್ಲ, ಬಂದರೆ ದೇವರ ಮೇಲೆ ಕೋಪವೇ ಬರುತ್ತದೆ. ಇದು ಪಾಪವೇ?
– ಸಿದ್ದಾಪುರ ಬಳಿಯ ಎಸ್ಟೇಟಿನ ಲೈನ್‌ಮನೆಯಿಂದ

ಉತ್ತರ: ಪಾಪವಲ್ಲ ತಾಯಿ. ದೂರುವುದೂ ಪ್ರಾರ್ಥನೆಯೇ. ದೇವರನ್ನು ಬಿಟ್ಟವರು ದೇವರ ಹತ್ತಿರ ದೂರುವುದಿಲ್ಲ. ಬೈಬಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಇಂಥ ಗೋಳಿನವೇ. ಶಿಲುಬೆಯ ಮೇಲೆ ಯೇಸುವಿನ ಬಾಯಿಗೆ ಬಂದದ್ದೂ 22ನೇ ಕೀರ್ತನೆಯ ಮೊದಲ ಸಾಲು: ದೇವರೇ, ನನ್ನನ್ನು ಯಾಕೆ ಕೈಬಿಟ್ಟೆ?

13ನೇ ಕೀರ್ತನೆಯಿಂದ ಶುರು ಮಾಡಿ. ಇರುವುದೇ ಆರು ವಚನ. ಮೊದಲ ಎರಡರಲ್ಲಿ ‘ಇನ್ನೆಷ್ಟು ಕಾಲ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ನಡುವಿನ ಎರಡು ಬೇಡಿಕೆ, ಕೊನೆಯ ಎರಡು ಭರವಸೆ. ಬೆಳಿಗ್ಗೆ ಗಂಡನ ಮೈ ಒರೆಸಿ, ಗಂಜಿ ಕುಡಿಸಿ ಆದ ಮೇಲೆ ಐದು ನಿಮಿಷ ಸಾಕು. ಮನಸ್ಸಿನಲ್ಲಿ ಬೇಡ, ಬಾಯಿಬಿಟ್ಟು ಓದಿ. ‘ಇನ್ನೆಷ್ಟು ಕಾಲ’ ಎಂದಾಗಲೆಲ್ಲ ನಿಮ್ಮದೇ ಒಂದು ಮಾತು ಸೇರಿಸಿ: ಇನ್ನೆಷ್ಟು ಕಾಲ ನಿದ್ದೆಗೆಡಲಿ, ಇನ್ನೆಷ್ಟು ಕಾಲ ಕೂಲಿ ತಪ್ಪಿಸಲಿ.

ಇಲ್ಲಿ ಹೆಚ್ಚಿನವರು ಎಡವುವುದು ಭರವಸೆಯ ವಚನಕ್ಕೆ ಅವಸರದಿಂದ ಜಿಗಿಯುವುದರಲ್ಲಿ. ಒಳಗಿನ ಬೇಗುದಿ ಹೊರಬರದೆ ಸ್ತೋತ್ರ ಹೇಳಿದರೆ ಮಾತು ಟೊಳ್ಳಾಗುತ್ತದೆ, ನಾಲ್ಕೇ ದಿನದಲ್ಲಿ ಪ್ರಾರ್ಥನೆ ಬೇಸರ ತರುತ್ತದೆ. ಒಂದು ವಾರ ಮೊದಲೆರಡು ವಚನದಲ್ಲೇ ನಿಂತರೂ ಪರವಾಗಿಲ್ಲ. 88ನೇ ಕೀರ್ತನೆ ಕತ್ತಲಿನಲ್ಲೇ ಮುಗಿಯುತ್ತದೆ, ಆದರೂ ಅದು ದೇವರ ವಾಕ್ಯವೇ. ನೀವು ಜಪಸರ ಹೇಳುವವರಾದರೆ ಐದು ದಶಕ (ಹತ್ತು ಮಣಿಗೊಂದು ದಶಕ) ಮುಗಿಸಲೇಬೇಕೆಂಬ ಹಟ ಬೇಡ, ಒಂದು ದಶಕ ಸಾಕು.

ಇನ್ನು ನಿಮ್ಮ ಮೈ. ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯನು ಸಾವು ಬೇಡಿ ಗಿಡದ ಕೆಳಗೆ ಮಲಗಿಬಿಡುತ್ತಾನೆ. ದೇವದೂತ ಬಂದು ಉಪದೇಶ ಮಾಡುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟು, ಮತ್ತೆ ಮಲಗಲು ಬಿಟ್ಟು, ಎಬ್ಬಿಸಿ ಮತ್ತೆ ಉಣಿಸುತ್ತಾನೆ. ನಿಮಗೂ ಊಟ, ನಿದ್ದೆ ಮೊದಲು. ಹಾಸಿಗೆ ಹುಣ್ಣು ಆಗದಿರಲು ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಅದನ್ನು ಹಗಲೂ ರಾತ್ರಿ ಒಬ್ಬರೇ ಮಾಡಲಾಗದು. ವಾರಕ್ಕೆ ಎರಡು ರಾತ್ರಿಯಾದರೂ ಸರದಿಗೆ ಜನ ಬೇಕು ಎಂದು ಫಾದರನ್ನೋ ಮಹಿಳಾ ಸಂಘದವರನ್ನೋ ಕೇಳಿ. ‘ಯಾರಾದರೂ ಸಹಾಯ ಮಾಡಿ’ ಎಂದರೆ ಯಾರೂ ಬರುವುದಿಲ್ಲ. ‘ಮಂಗಳವಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ’ ಎಂದು ಹೇಳಿ, ಬರುತ್ತಾರೆ. ಬದುಕೇ ಬೇಡ ಎನಿಸಿದರೆ ಯಾವ ಹೊತ್ತಿಗಾದರೂ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಪ್ರಾರ್ಥನಾ ಕೂಟದಲ್ಲಿ ಒಬ್ಬರು, ನಂಬಿಕೆಯಿದ್ದರೆ ಬಿ.ಪಿ. ಮಾತ್ರೆ ನಿಲ್ಲಿಸಿ, ವಿಶೇಷ ಪ್ರಾರ್ಥನೆಗೆ ಕಾಣಿಕೆ ಕೊಡಿ ಎನ್ನುತ್ತಿದ್ದಾರೆ. – ಕುಶಾಲನಗರ

ಉತ್ತರ: ನಿಲ್ಲಿಸಬೇಡಿ. ಮಾತ್ರೆಯನ್ನು ತಟ್ಟನೆ ಬಿಟ್ಟರೆ ರಕ್ತದೊತ್ತಡ ಏರಿ ಲಕ್ವ ಹೊಡೆಯಬಹುದು. ಯೇಸುವಿನ ಪ್ರೇಷಿತ ಪೌಲನ ಜೊತೆಗಾರ ಲೂಕನೇ ವೈದ್ಯ (ಕೊಲೊಸ್ಸೆ 4:14). ಯಾಕೋಬನ ಪತ್ರದ 5ನೇ ಅಧ್ಯಾಯ ಸಭೆಯ ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿ ಪ್ರಾರ್ಥಿಸಲು ಹೇಳುತ್ತದೆ, ಅಲ್ಲಿ ದುಡ್ಡಿನ ಮಾತೇ ಇಲ್ಲ. ಕಥೋಲಿಕರಲ್ಲಿ ರೋಗಿಗಳ ಹಣೆಗೂ ಅಂಗೈಗೂ ಎಣ್ಣೆ ಹಚ್ಚುವ ಸಂಸ್ಕಾರವಿದೆ. ಅದು ಸಾಯುವ ಗಳಿಗೆಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ದೊಡ್ಡ ಆಪರೇಷನ್ನಿಗೆ ಮೊದಲೂ ಕೇಳಿ ಪಡೆಯಬಹುದು, ಕಾಯಿಲೆ ಉಲ್ಬಣಿಸಿದರೆ ಮತ್ತೆಯೂ ಪಡೆಯಬಹುದು.

ಪ್ರಶ್ನೆ: ಮನೆಗೆ ನೀರು ನುಗ್ಗಿ ಅಜ್ಜಿಯ ಬೈಬಲ್ ನೆನೆದುಹೋಯಿತು. ಮೊದಲ ಪುಟಗಳಲ್ಲಿ ಮನೆಯವರ ಹುಟ್ಟು, ಸಾವು, ದೀಕ್ಷಾಸ್ನಾನದ ದಿನಗಳನ್ನು ಬರೆದಿದ್ದಾರೆ. ಉಳಿಸಬಹುದೇ? – ನೆಲ್ಯಹುದಿಕೇರಿ

ಉತ್ತರ: ಬೇಗ ಕೈಹಾಕಿದರೆ ಉಳಿಸಬಹುದು. ಎರಡು ದಿನ ಕಳೆದರೆ ಬೂಷ್ಟು ಹಿಡಿಯುತ್ತದೆ. ಅಂಟಿಕೊಂಡ ಪುಟಗಳನ್ನು ಎಳೆದು ಬಿಡಿಸಬೇಡಿ. ಬರೆದಿರುವ ಪುಟಗಳ ಫೋಟೊ ಮೊದಲು ತೆಗೆಯಿರಿ. ತಾನಾಗಿ ಬಿಡುವಲ್ಲೆಲ್ಲ ಹತ್ತಿಪ್ಪತ್ತು ಹಾಳೆಗೊಂದರಂತೆ ಅಚ್ಚಿಲ್ಲದ ಬಿಳಿ ಕಾಗದ ಇಟ್ಟು, ಅದು ಒದ್ದೆಯಾದಂತೆ ಬದಲಿಸುತ್ತಿರಿ. ಪತ್ರಿಕೆಯ ಕಾಗದ ಬೇಡ, ಶಾಯಿ ಹತ್ತುತ್ತದೆ. ಫ್ಯಾನಿನ ಗಾಳಿ ಒಳ್ಳೆಯದು. ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೆ ಹಾಳೆ ಸೊಟ್ಟಗಾಗಿ ರಟ್ಟು ಬಿರಿಯುತ್ತದೆ. ಕರೆಂಟಿಲ್ಲದೆ ಒಣಗಿಸಲು ಆಗದಿದ್ದರೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕರೆಂಟಿರುವ ಯಾರದಾದರೂ ಮನೆಯ ಫ್ರೀಜರಿನಲ್ಲಿಡಿ. ಬೂಷ್ಟು ಅಲ್ಲಿಗೆ ನಿಲ್ಲುತ್ತದೆ, ಮಳೆ ಬಿಟ್ಟ ಮೇಲೆ ಒಣಗಿಸಬಹುದು.

ಶಾಯಿ ಅಳಿಸಿ ದೀಕ್ಷಾಸ್ನಾನದ ದಿನ ಕಾಣದಾಗಿದ್ದರೆ, ಸ್ನಾನ ಕೊಟ್ಟ ಚರ್ಚಿನ ದಾಖಲೆ ಪುಸ್ತಕದಲ್ಲಿ ಅದು ಇರುತ್ತದೆ. ಹೆಸರು, ತಂದೆತಾಯಿಯ ಹೆಸರು, ಅಂದಾಜು ವರ್ಷ ಕೊಟ್ಟು ಕೇಳಿ, ಹೊಸ ಪ್ರಮಾಣಪತ್ರ ಬರೆದುಕೊಡುತ್ತಾರೆ. ಬೈಬಲ್ ಪೂರ್ತಿ ಕೊಳೆತುಹೋಗಿದ್ದರೆ ಕಸಕ್ಕೆ ಹಾಕಬೇಡಿ. ಬಟ್ಟೆಯಲ್ಲಿ ಸುತ್ತಿ, ಯಾರೂ ತುಳಿಯದ ಕಡೆ, ಅಜ್ಜಿಯ ಸಮಾಧಿಯ ಬದಿಯಲ್ಲಾದರೂ ಸರಿ, ಹೂತುಬಿಡಿ.