ಓದುಗರು ಕೇಳಿದ್ದು: ಮಾಸ್ತಿಯವರನ್ನು ಎಲ್ಲಿಂದ ಶುರು ಮಾಡೋದು?

ನಮ್ಮದು ಮಾಲೂರು. ಮಾಸ್ತಿ ನಮ್ಮ ತಾಲ್ಲೂಕಿನವರು ಅಂತ ರಾಜ್ಯೋತ್ಸವದ ಭಾಷಣಗಳಲ್ಲಿ ಕೇಳಿದ್ದೇ ಬಂತು, ಓದಿದ್ದು ಕಡಿಮೆ. ‘ಚಿಕವೀರ ರಾಜೇಂದ್ರ’ ಕಾದಂಬರಿ ಹಿಡಿದೆ, ಅರ್ಧಕ್ಕೇ ಬಿಟ್ಟೆ. ಏನು ಮಾಡಲಿ?
– ಗೃಹಿಣಿ, ಮಾಲೂರು

ಬಿಟ್ಟಿದ್ದು ಒಳ್ಳೇದೇ ಆಯ್ತು. ಜ್ಞಾನಪೀಠ ಬಂತು ಅಂತ ಎಲ್ಲರೂ ಮೊದಲು ಅದಕ್ಕೇ ಕೈಹಾಕುತ್ತಾರೆ. ನೀವು ‘ಮೊಸರಿನ ಮಂಗಮ್ಮ’ ಕಥೆ ಓದಿ. ಮೊಮ್ಮಗನಿಗೆ ಸೊಸೆ ಹೊಡೆದಳು ಅಂತ ಜಗಳ ಶುರುವಾಗಿ ಮಂಗಮ್ಮ ಬೇರೆ ಇರುತ್ತಾಳೆ. ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತದೆ, ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಆಗ ಆ ವಯಸ್ಸಿನಲ್ಲಿ ಒಂದು ಮಕಮಲ್ ಜಾಕೀಟು ಹೊಲಿಸಿಕೊಳ್ಳುತ್ತಾಳೆ! ಅವಳ ಒಂಟಿತನ, ಹಟ, ಆಸೆ, ಊರಿನ ಬಾಯಿ ಎಲ್ಲಾ ಆ ಜಾಕೀಟಿನಲ್ಲೇ ಬಂದುಬಿಡುತ್ತೆ. ಮಾಸ್ತಿ ಅದರ ಮೇಲೆ ಒಂದು ಮಾತೂ ಜಾಸ್ತಿ ಆಡುವುದಿಲ್ಲ.

ಆಮೇಲೆ ‘ಸುಬ್ಬಣ್ಣ’ (1928). ಸಂಗೀತಗಾರನೊಬ್ಬನ ಬದುಕು, ತೆಳು ಪುಸ್ತಕ, ಒಂದು ಮಧ್ಯಾಹ್ನ ಸಾಕು.

ಅದಾದ ಮೇಲೆ ‘ಚಿಕವೀರ ರಾಜೇಂದ್ರ’ದ ಕೊಡಗಿಗೆ ವಾಪಸ್ ಹೋಗಿ. 1834ರಲ್ಲಿ ಬ್ರಿಟಿಷರು ಕೆಳಗಿಳಿಸಿದ ಕೊನೆಯ ರಾಜನ ಕಥೆ ಅದು. ಅಲ್ಲಿ ಯುದ್ಧ ಹುಡುಕಬೇಡಿ. ರಾಜ, ಅವನ ಬೆನ್ನಿಗಂಟಿದ ಕುಂಟ ಬಸವ, ಗಂಡನ ಕೆಟ್ಟತನ ಗೊತ್ತಿದ್ದೂ ಮನೆ ಮತ್ತು ರಾಜ್ಯ ಎರಡನ್ನೂ ಉಳಿಸಲು ಹೆಣಗುವ ರಾಣಿ ಗೌರಮ್ಮ, ಈ ಮೂವರನ್ನು ಹಿಡಿದುಕೊಂಡರೆ ಪುಸ್ತಕ ತಾನಾಗಿ ಸಾಗುತ್ತದೆ. ನಿಜವಾದ ರಾಜ ಕೊನೆಗೆ ಲಂಡನ್ನಿಗೆ ಹೋಗಿ 1859ರಲ್ಲಿ ಅಲ್ಲೇ ತೀರಿಕೊಂಡ.

ಮಾಸ್ತಿ ಕವಿಯೂ ಹೌದಂತೆ. ಮತ್ತೆ ಅವರ ಒಂದು ಸಾಲೂ ಯಾರ ಬಾಯಲ್ಲೂ ಇಲ್ಲವಲ್ಲ?
– ಶಿಕ್ಷಕರು, ಚಿಂತಾಮಣಿ

ಒಳ್ಳೇ ಪ್ರಶ್ನೆ ಸಾರ್. ‘ಬಿನ್ನಹ’ ಕವನ ಸಂಕಲನ ಬಂದಿದ್ದು 1922ರಲ್ಲೇ. ‘ಶ್ರೀನಿವಾಸ’ ಅನ್ನೋ ಹೆಸರಲ್ಲಿ ಬರೆಯುತ್ತಿದ್ದರು. ಎಂಬತ್ತು ದಾಟಿದ ಮೇಲೂ ‘ಶ್ರೀರಾಮ ಪಟ್ಟಾಭಿಷೇಕ’ ಅಂತ ದೊಡ್ಡ ಕಾವ್ಯ ತಂದರು. ಅಂದರೆ ಸುಮ್ನೆ ಹವ್ಯಾಸಕ್ಕೆ ಬರೆದದ್ದಲ್ಲ.

ನನ್ನ ಅನಿಸಿಕೆ ಕೇಳಿದರೆ, ಅವರು ಹಾಡುವ ಕವಿಯಲ್ಲ, ಹೇಳುವ ಕವಿ. ಬೇಂದ್ರೆ, ಕೆ.ಎಸ್.ನ. ಸಾಲುಗಳು ಕ್ಯಾಸೆಟ್ಟಿಗೆ ಹೋದವು, ಮನೆಮನೆಗೂ ಬಂದವು. ಮಾಸ್ತಿಯವರದ್ದು ಹಾಗೆ ರಾಗಕ್ಕೆ ಕೂರುವುದಿಲ್ಲ. ಬಿಡಿ ಗೀತೆಗಳನ್ನೇ ಓದಿದರೆ ‘ಇಷ್ಟೇನಾ?’ ಅನ್ನಿಸಬಹುದು, ನನಗೂ ಕೆಲವು ಸಪ್ಪೆ ಅನ್ನಿಸಿವೆ. ಆದರೆ ‘ನವರಾತ್ರಿ’ಯ ಕಥನಕವನ ತೆಗೆದುಕೊಳ್ಳಿ. ಸರಳ ರಗಳೆ ಅನ್ನೋ ಛಂದಸ್ಸು, ಪ್ರಾಸದ ಹಂಗಿಲ್ಲ, ಊಟ ಮುಗಿಸಿ ಜಗಲಿ ಮೇಲೆ ಕೂತ ಹಿರಿಯರು ಮಾತು ತೆಗೆದ ಹಾಗೆ ಇರುತ್ತೆ. ಮಂಗಮ್ಮನ ಕಥೆ ಹೇಳಿದ ಅದೇ ದನಿ. ಕಾದಂಬರಿಕಾರ ಬೇರೆ, ಕವಿ ಬೇರೆ ಅಂತ ನಾವು ಗೆರೆ ಎಳೆದದ್ದೇ ತೊಂದರೆ. ನಿಮ್ಮ ತರಗತಿಯಲ್ಲಿ ಒಂದನ್ನು ಗಟ್ಟಿಯಾಗಿ ಓದಿಸಿ, ಆದರೆ ದಯವಿಟ್ಟು ರಾಗ ಎಳೆಯಬೇಡಿ.

ದೊಡ್ಡ ಅಧಿಕಾರಿಯಾಗಿದ್ದುಕೊಂಡು ಇಷ್ಟೆಲ್ಲಾ ಬರೆಯಲು ಪುರುಸೊತ್ತು ಎಲ್ಲಿ ಸಿಕ್ಕಿತು?
– ಪಂಚಾಯಿತಿ ನೌಕರ, ಗುಬ್ಬಿ

ಫೈಲುಗಳ ಮಧ್ಯೆ ಕೇಳಿದ ಪ್ರಶ್ನೆ ಅಂತ ಗೊತ್ತಾಗುತ್ತೆ! 1914ರಲ್ಲಿ ಮದ್ರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸ್ ಸೇರಿದರು. ಮೊದಲ ಕಥಾಸಂಗ್ರಹ 1920ರದ್ದು, ಅಂದರೆ ಕೆಲಸದ ಜೊತೆಜೊತೆಗೇ. ಆದರೆ ಒಂದು ಗಮನಿಸಿ. ತಮಗಿಂತ ಕಿರಿಯರಿಗೆ ಮೇಲಿನ ಹುದ್ದೆ ಹೋಯಿತು ಅಂತ 1943ರಲ್ಲಿ ರಾಜೀನಾಮೆ ಕೊಟ್ಟರು. ಎರಡು ದೊಡ್ಡ ಕಾದಂಬರಿಗಳು, ‘ಚೆನ್ನಬಸವನಾಯಕ’ ಮತ್ತು ‘ಚಿಕವೀರ ರಾಜೇಂದ್ರ’ (1956), ಬಂದಿದ್ದು ಆಮೇಲೆಯೇ. ಮಧ್ಯೆ ‘ಜೀವನ’ ಪತ್ರಿಕೆಯನ್ನೂ ವರ್ಷಗಟ್ಟಲೆ ನಡೆಸಿದರು. ನೀವು ಇದನ್ನು ಓದಿ ರಾಜೀನಾಮೆ ಬರೆಯಬೇಡಿ ಮಾರಾಯರೇ, ಸಣ್ಣ ಕಥೆಗೆ ಭಾನುವಾರ ಸಾಕು.

ಹುಟ್ಟಿದ ದಿನವೇ ತೀರಿಕೊಂಡರು ಅನ್ನೋದು ನಿಜವಾ?
– ವಿದ್ಯಾರ್ಥಿನಿ, ಕೋಲಾರ

ನಿಜ. ಹುಟ್ಟಿದ್ದು 1891ರ ಜೂನ್ 6, ತೀರಿಕೊಂಡದ್ದು 1986ರ ಜೂನ್ 6. ಜ್ಞಾನಪೀಠ 1983ರದ್ದು, ಕನ್ನಡಕ್ಕೆ ನಾಲ್ಕನೆಯದು. ಇನ್ನೊಂದು, ಪರೀಕ್ಷೆಯಲ್ಲಿ ಹುಟ್ಟೂರು ಮಾಸ್ತಿ ಅಂತ ಬರೆದುಬಿಡಬೇಡಮ್ಮ. ಹುಟ್ಟಿದ್ದು ಹುಂಗೇನಹಳ್ಳಿ, ಮನೆತನದ ಊರು ಮಾಸ್ತಿ, ಎರಡೂ ಮಾಲೂರು ತಾಲ್ಲೂಕೇ. ಮಾಸ್ತಿಯಲ್ಲಿರುವ ಅವರ ಮನೆ ಈಗ ಗ್ರಂಥಾಲಯ. ಕೋಲಾರದಿಂದ ದೂರವೇನಿಲ್ಲ, ಒಮ್ಮೆ ಹೋಗಿ ಬಾ.