ಅಮೆರಿಕದ ಹನ್ನೊಂದನೇ ಕ್ಲಾಸು ನಮ್ಮ ಫಸ್ಟ್ ಪಿಯುಸಿ ತರಹವಾ?

ಬೆಂಗಳೂರಿನಲ್ಲಿ ಹತ್ತನೇ ಕ್ಲಾಸು ಮುಗಿಸಿದ ಮಗಳು ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯಲ್ಲಿ ಹನ್ನೊಂದಕ್ಕೆ ಸೇರುತ್ತಾಳೆ, ಆ ವರ್ಷ ಏನೇನಿರುತ್ತದೆ ಎಂದು ಕೇಳಿದ್ದೀರಿ. ನನ್ನ ಮಗಳು ಇಲ್ಲೇ ಆ ವರ್ಷ ಮುಗಿಸಿದ್ದಾಳೆ. ನಾನು ಕಂಡಿದ್ದನ್ನು ಹೇಳುತ್ತೇನೆ.

ಫಸ್ಟ್ ಪಿಯುಸಿ ಅಂದರೆ ನಮ್ಮಲ್ಲಿ ಎಷ್ಟೋ ಮಕ್ಕಳು ಸ್ವಲ್ಪ ಉಸಿರು ಬಿಡುವ ವರ್ಷ. ಇಲ್ಲಿ ಹನ್ನೊಂದನೇ ಕ್ಲಾಸಿಗೆ ‘ಜೂನಿಯರ್ ಇಯರ್’ ಅನ್ನುತ್ತಾರೆ, ಅದು ಪೂರ್ತಿ ಉಲ್ಟಾ. ಹೈಸ್ಕೂಲು 9ರಿಂದ 12ರವರೆಗೆ. ಕಾಲೇಜಿಗೆ ಅರ್ಜಿ ಹಾಕುವುದು 12ರ ಮೊದಲ ಕೆಲವು ತಿಂಗಳಲ್ಲೇ. ಹಾಗಾಗಿ ಕಾಲೇಜಿನವರು ನೋಡುವ ಕೊನೆಯ ಪೂರ್ತಿ ವರ್ಷ 11ನೆಯದು. ಪ್ರತಿ ವಾರದ ಕ್ವಿಜ್, ಹೋಂವರ್ಕ್, ಪ್ರಾಜೆಕ್ಟ್ ಎಲ್ಲ ಸೇರಿ ಗ್ರೇಡ್ ಆಗುತ್ತದೆ. ಕೊನೇ ಎರಡು ತಿಂಗಳು ಕೂತು ಓದುತ್ತೇನೆ ಅಂದರೆ ನಡೆಯಲ್ಲ. ನನಗೆ ಇದು ಅರ್ಥವಾಗುವಷ್ಟರಲ್ಲಿ ನವೆಂಬರ್ ಬಂದಿತ್ತು. ಮಗಳು ಕೆಮಿಸ್ಟ್ರಿಯಲ್ಲಿ ಹಿಂದೆ ಬಿದ್ದಿದ್ದಳು.

ಅಕ್ಟೋಬರಿನಲ್ಲಿ ಪಿಎಸ್‌ಎಟಿ, ಅಂದರೆ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿಗೆ ಪೂರ್ವಭಾವಿ ಪರೀಕ್ಷೆ, ಒಟ್ಟು 1520 ಅಂಕಕ್ಕೆ. ಹತ್ತರಲ್ಲೂ ಬರೆಯುತ್ತಾರೆ, ಆದರೆ ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್ಪಿಗೆ ಲೆಕ್ಕಕ್ಕೆ ಬರುವುದು ಜೂನಿಯರ್ ವರ್ಷದ್ದು. ಅದಕ್ಕೆ ಸಿಟಿಜನ್‌ಶಿಪ್, ಗ್ರೀನ್ ಕಾರ್ಡ್ ಷರತ್ತುಗಳಿವೆ. ಎಚ್-4 ವೀಸಾದಲ್ಲಿ (ಇಲ್ಲಿ ಎಚ್-1ಬಿ ಮೇಲೆ ಕೆಲಸ ಮಾಡುವವರ ಕುಟುಂಬಕ್ಕೆ ಕೊಡುವ ವೀಸಾ) ಬರುವವರು ಮೊದಲೇ ನೋಡಿಕೊಳ್ಳಿ. ಎಪಿ, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ವಿಷಯಗಳ ಪರೀಕ್ಷೆಗಳು ಮೇ ತಿಂಗಳಲ್ಲಿ, ಆದರೆ ಹೆಸರು ಕೊಡಬೇಕಾದದ್ದು ನವೆಂಬರ್ ಮಧ್ಯದೊಳಗೆ. ಇದನ್ನು ಮರೆಯಬೇಡಿ. ಮಾರ್ಚಿನಲ್ಲಿ ಹನ್ನೊಂದನೆಯವರಿಗೆ ರಾಜ್ಯದ ಇಂಗ್ಲಿಷ್, ಗಣಿತ ಪರೀಕ್ಷೆ. ಎಸ್‌ಎಟಿಯನ್ನು ತುಂಬಾ ಮಕ್ಕಳು ಅದೇ ಹೊತ್ತಿಗೆ ಬರೆಯುತ್ತಾರೆ. ಬೇಸಿಗೆ ರಜೆಗೆ ಮುಂಚೆಯೇ ಇಬ್ಬರು ಟೀಚರ್‌ಗಳ ಹತ್ತಿರ ಶಿಫಾರಸು ಪತ್ರ ಕೇಳಿಟ್ಟರೆ ಒಳ್ಳೆಯದು.

ಇಷ್ಟು ಓದಿ ನೀವೂ ನನ್ನ ಹಾಗೆ ‘ಬೇರೆ ಯಾವುದೂ ಬೇಡ, ಓದು’ ಅಂತ ಮಗಳಿಗೆ ಹೇಳುತ್ತೀರೇನೋ. ದಯವಿಟ್ಟು ಹೇಳಬೇಡಿ.

ಇಲ್ಲಿ ಒಂದು ಬ್ಯಾಚಿನ ಅಷ್ಟೂ ಮಕ್ಕಳು ಸೇರಿ ಒಂದು ‘ಕ್ಲಾಸ್’. ಪಾಸಾಗಿ ಹೋಗುವ ವರ್ಷವೇ ಅದರ ಹೆಸರು. ಅದಕ್ಕೆ ಅವರದೇ ಪ್ರೆಸಿಡೆಂಟ್, ಟ್ರೆಷರರ್, ಅವರದೇ ದುಡ್ಡು. ಶರತ್ಕಾಲದಲ್ಲಿ ಹಳೇ ವಿದ್ಯಾರ್ಥಿಗಳನ್ನು ಸ್ವಾಗತಿಸುವ ಹೋಂಕಮಿಂಗ್ ಫುಟ್‌ಬಾಲ್ ವಾರದಲ್ಲಿ ನಮ್ಮ ಸ್ಕೂಲಿನಲ್ಲಿ ಕ್ಲಾಸ್ ಕ್ಲಾಸಿನ ನಡುವೆ ಕಾರಿಡಾರ್ ಅಲಂಕಾರದ ಪೈಪೋಟಿ. ಮಗಳು ಎರಡು ಸಂಜೆ ಅಲ್ಲೇ ಉಳಿದಳು. ಕೂದಲಿಗೆಲ್ಲ ನೀಲಿ ಬಣ್ಣ ಮೆತ್ತಿಕೊಂಡು ಮನೆಗೆ ಬಂದಳು. ನಾನು ಬೈದೆ. ‘ಅಮ್ಮ, ಇವತ್ತು ಮೊದಲ ಸಲ ಎಲ್ಲರೂ ನನ್ನ ಹೆಸರು ಸರಿಯಾಗಿ ಕರೆದರು’ ಅಂದಳು. ನನ್ನ ಬಾಯಿ ಕಟ್ಟಿಹೋಯಿತು.

ಆಮೇಲೆ ಶನಿವಾರಗಳಲ್ಲಿ ಪ್ರಾಮ್‌ಗೆ ದುಡ್ಡು ಸೇರಿಸಲು ಕಾರು ತೊಳೆಯುವುದು. ನಾನೂ ಬಕೆಟ್ ಹಿಡಿದು ಹೋದೆ. ಪ್ರಾಮ್ ಅಂದರೆ ಚೆನ್ನಾಗಿ ಡ್ರೆಸ್ ಮಾಡಿಕೊಂಡು ಹೋಗುವ ಡಾನ್ಸ್ ಸಂಜೆ. ಜೋಡಿಯಾಗಿಯೇ ಹೋಗಬೇಕೇನೋ ಅನ್ನೋ ಭಯ ನನಗಿತ್ತು. ಅವಳು ಆರು ಜನ ಗೆಳತಿಯರ ಜೊತೆ ಹೋದಳು. ಹೊರಡುವ ಮುಂಚೆ ಒಬ್ಬರ ಮನೆಯ ಹಿತ್ತಲಲ್ಲಿ ಅಪ್ಪ ಅಮ್ಮಂದಿರೆಲ್ಲ ಸೇರಿ ಫೋಟೋ ತೆಗೆದೆವು. ಆ ಊರಿನಲ್ಲಿ ನನಗೂ ನಾಲ್ಕು ಜನ ಪರಿಚಯವಾಗಿದ್ದು ಅವತ್ತೇ.

ಇನ್ನೊಂದು ವಿಷಯ. ನ್ಯೂಜೆರ್ಸಿಯಲ್ಲಿ ಅಮೆರಿಕದ ಇತಿಹಾಸ ಎರಡು ವರ್ಷ ಓದಲೇಬೇಕು, ಸಾಮಾನ್ಯವಾಗಿ 10 ಮತ್ತು 11ರಲ್ಲಿ. ನಿಮ್ಮ ಮಗಳಿಗೆ ಹತ್ತರದ್ದು ಬಾಕಿ ಇರುತ್ತದೆ ಅಲ್ವಾ. 9 ಮತ್ತು 10ರ ಮಾರ್ಕ್ಸ್ ಕಾರ್ಡ್, ಟಿಸಿ, ಲಸಿಕೆ ಹಾಕಿಸಿದ ದಾಖಲೆ ಕೈಯಲ್ಲೇ ಇಟ್ಟುಕೊಂಡು ಬನ್ನಿ. ಆಗಸ್ಟಿನಲ್ಲೇ ಸ್ಕೂಲಿನ ಕೌನ್ಸೆಲರ್ ಹತ್ತಿರ ಕೂತು, ಯಾವ ವರ್ಷ ಯಾವ ವಿಷಯ ಅಂತ ಬರೆಸಿಕೊಳ್ಳಿ.