ನಾಲ್ಕೂವರೆ ವರ್ಷದ ಮಗಳು ಹೊಸ ಕನ್ನಡಕ ಕಿತ್ತು ಬಿಸಾಡುತ್ತಾಳೆ, ಏನು ಮಾಡಲಿ?

ಮೊದಲು ಒಂದು ಮಾತು: ಇದು ಹಟ ಅಲ್ಲ. ನೀವು ಬರೆದಿರುವ ಚೀಟಿಯ ಪ್ರಕಾರ ಬಲಗಣ್ಣು +5.00, ಎಡಗಣ್ಣು +3.50, ಕನ್ನಡಕ ಬಂದು ಒಂದು ವಾರ. ಇಷ್ಟು ಪ್ಲಸ್ ನಂಬರ್ ಇರುವ ಮಗುವಿಗೆ ಮೊದಮೊದಲು ಕನ್ನಡಕ ಹಾಕಿದಾಗಲೇ ದೂರದ್ದು ಮಂಜಾಗಿ ಕಾಣುತ್ತದೆ, ತೆಗೆದರೆ ಚೆನ್ನಾಗಿ ಕಾಣುತ್ತದೆ. ಹಾಗಿದ್ದ ಮೇಲೆ ಯಾವ ಮಗು ತಾನೇ ಇಟ್ಟುಕೊಂಡೀತು? "ಬರಿಗಣ್ಣಲ್ಲೇ ನೆಲದ ಮೇಲಿನ ಇರುವೆ ಕಾಣುತ್ತಲ್ಲ, ಇಷ್ಟು ಚಿಕ್ಕದಕ್ಕೆ ಕನ್ನಡಕ ಯಾಕೆ" ಅಂತ ನಿಮ್ಮ ಅತ್ತೆಯವರು ಕೇಳುತ್ತಿರುವುದಕ್ಕೂ ಕಾರಣ ಇದೇ. ಮಡಿಕೇರಿಯಲ್ಲಿ ಮಕ್ಕಳ ನಂಬರ್ ನೋಡಿ ಕನ್ನಡಕ ಕೂರಿಸುವುದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಪ್ಲಸ್ ನಂಬರ್ ಎಂದರೆ ಕಣ್ಣುಗುಡ್ಡೆ ಹಿಂದೆಮುಂದಿನ ಅಳತೆಯಲ್ಲಿ ಗಿಡ್ಡ. ಹುಟ್ಟಿದ ಮಗುವಿನ ಕಣ್ಣು ಸುಮಾರು 17 ಮಿಲಿಮೀಟರ್, ದೊಡ್ಡವರದು ಸುಮಾರು 24. ಆ ವಯಸ್ಸಿಗೆ ಇರಬೇಕಾದ ಉದ್ದಕ್ಕಿಂತ ಒಂದು ಮಿಲಿಮೀಟರ್ ಕಡಿಮೆಯಾದರೆ ಹೆಚ್ಚುಕಡಿಮೆ ಮೂರು ಪಾಯಿಂಟ್ ಪ್ಲಸ್, ಅಂದರೆ +3.00, ಬರುತ್ತದೆ. ಚಿಕ್ಕ ಮಕ್ಕಳ ಕಣ್ಣಿನೊಳಗಿನ ಸ್ನಾಯುವಿಗೆ ಶಕ್ತಿ ಜಾಸ್ತಿ. ಅದು ಬಿಗಿಹಿಡಿದು ಈ ಕೊರತೆಯನ್ನು ತುಂಬಿಕೊಳ್ಳುತ್ತದೆ. ನಿಮ್ಮ ಮಗಳು ಹುಟ್ಟಿದಾಗಿನಿಂದ ಹೀಗೆ ಬಿಗಿಹಿಡಿದೇ ನೋಡುತ್ತಿದ್ದಾಳೆ. ಕನ್ನಡಕ ಬಂದ ಮೇಲೆ ಆ ಬಿಗಿ ಬೇಕಿಲ್ಲ, ಆದರೆ ಸ್ನಾಯು ಅಭ್ಯಾಸ ಬಿಡುವುದಿಲ್ಲ. ಲೆನ್ಸಿನ ಪವರ್ ಮೇಲೆ ಸ್ನಾಯುವಿನ ಪವರೂ ಸೇರಿ ಮಂಜು ಮಂಜು. ಎಷ್ಟು ಹೊತ್ತು ಹಾಕಿರುತ್ತಾಳೋ ಅಷ್ಟು ಬೇಗ ಸ್ನಾಯು ಸಡಿಲವಾಗುತ್ತದೆ. ಹತ್ತು ನಿಮಿಷ ಹಾಕಿ ಎರಡು ಗಂಟೆ ಬಿಟ್ಟರೆ ಪ್ರತಿ ಸಲವೂ ಮೊದಲಿನಿಂದ ಶುರು. ಮೈನಸ್ ನಂಬರಿನ ಮಕ್ಕಳ ಕಥೆಯೇ ಬೇರೆ, ಹಾಕಿದ ಕ್ಷಣವೇ ದೂರದ ಬೆಟ್ಟದ ಮರಗಳು ಬಿಡಿಬಿಡಿಯಾಗಿ ಕಾಣುವುದರಿಂದ ಅವರೇ ಕೇಳಿ ಹಾಕಿಕೊಳ್ಳುತ್ತಾರೆ. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಬೇಡಿ.

ಇನ್ನು ಆ ಇರುವೆಯ ವಿಷಯ. ಸ್ನಾಯು ಎರಡೂ ಕಣ್ಣಿಗೆ ಒಂದೇ ಅಳತೆಯಲ್ಲಿ ಬಿಗಿಯುತ್ತದೆ. ಎಡಗಣ್ಣಿಗೆ ಬೇಕಾದಷ್ಟು ಬಿಗಿದ ತಕ್ಷಣ ಅಲ್ಲಿಗೆ ನಿಲ್ಲುತ್ತದೆ. ಆಗ ಬಲಗಣ್ಣಿಗೆ ಒಂದೂವರೆ ಪಾಯಿಂಟ್ ಕೊರತೆ ಉಳಿದೇ ಉಳಿಯುತ್ತದೆ. ಅಂದರೆ ಇರುವೆ ನೋಡುತ್ತಿರುವುದು ಎಡಗಣ್ಣು. ಬಲಗಣ್ಣಿನ ಮಂಜು ಚಿತ್ರವನ್ನು ಮೆದುಳು ಕಡೆಗಣಿಸುತ್ತಾ ಹೋಗುತ್ತದೆ, ಅದೇ ಸೋಮಾರಿ ಕಣ್ಣು. ಮನೆಯಲ್ಲಿ ಒಂದು ಸುಳಿವು ಸಿಗುತ್ತದೆ: ಅವಳು ಏನಾದರೂ ಗಮನವಿಟ್ಟು ನೋಡುತ್ತಿರುವಾಗ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಆಮೇಲೆ ಎಡಗಣ್ಣನ್ನು ಮುಚ್ಚಿ. ಎಡ ಮುಚ್ಚಿದಾಗ ಮಾತ್ರ ಕೈ ತಳ್ಳಿ ಗಲಾಟೆ ಮಾಡಿದರೆ ಬಲಗಣ್ಣು ಹಿಂದುಳಿದಿದೆ ಎಂದು ಅನುಮಾನಿಸಬಹುದು. ಇದು ಸುಳಿವಷ್ಟೇ, ಪರೀಕ್ಷೆಗೆ ಬದಲಿ ಅಲ್ಲ.

ಒತ್ತಾಯ ಮಾಡುವ ಮುಂಚೆ ಕನ್ನಡಕವನ್ನೇ ಪರೀಕ್ಷಿಸಿ. ನನ್ನ ಪ್ರಕಾರ ಜಗಳದ ಅರ್ಧ ಪಾಲು ಫ್ರೇಮಿನದು. ಯೂನಿಫಾರ್ಮ್ ಹೊಲಿಸುವಾಗ "ಬೆಳೆಯೋ ಮಗು" ಅಂತ ಎರಡು ಇಂಚು ಬಿಟ್ಟು ಹೊಲಿಸಿದ ಹಾಗೆ ದೊಡ್ಡ ಫ್ರೇಮ್ ಕೊಡಿಸುವವರು ಬಹಳ. ಕಡ್ಡಿಯ ಒಳಬದಿಯಲ್ಲಿ 42, 14, 120 ಅನ್ನುವಂಥ ಅಂಕಿಗಳಿರುತ್ತವೆ: ಒಂದು ಲೆನ್ಸಿನ ಅಗಲ, ಮೂಗಿನ ಮೇಲಿನ ಅಂತರ, ಕಡ್ಡಿಯ ಉದ್ದ, ಎಲ್ಲಾ ಮಿಲಿಮೀಟರಿನಲ್ಲಿ. ಈ ವಯಸ್ಸಿಗೆ ಸಾಮಾನ್ಯವಾಗಿ 40ರಿಂದ 44ರ ಲೆನ್ಸ್ ಸಾಕು. ಎರಡು ಪಾಪೆಗಳ ನಡುವಿನ ದೂರ, ಅಂಗಡಿಯವರು ಪಿ.ಡಿ. ಎನ್ನುವುದು, ಅವಳಿಗೆ 50 ಇದೆ ಎಂದುಕೊಳ್ಳಿ. 42 ಮತ್ತು 14 ಕೂಡಿದರೆ 56, ಇದು ಫ್ರೇಮಿನ ಎರಡು ಲೆನ್ಸ್ ಜಾಗಗಳ ನಡುಮಧ್ಯದ ದೂರ. ಲೆನ್ಸಿನ ಕೇಂದ್ರ ಪಾಪೆಯ ಎದುರಿಗೆ ಬರಲು ಒಂದೊಂದು ಲೆನ್ಸನ್ನು 3 ಮಿಲಿಮೀಟರ್ ಒಳಕ್ಕೆ ಸರಿಸಿ ಕತ್ತರಿಸಿದರೆ ಆಯಿತು. 48ರ ಫ್ರೇಮಿಗೆ 16ರ ಅಂತರ ಇದ್ದರೆ 64, ಆಗ 7 ಮಿಲಿಮೀಟರ್ ಸರಿಸಬೇಕು. ಪ್ಲಸ್ ಲೆನ್ಸ್ ದಪ್ಪವೂ ಆಗುತ್ತದೆ, ತೂಕವೂ ಹೆಚ್ಚುತ್ತದೆ. ಸರಿಸದೇ ಬಿಟ್ಟಿದ್ದರೆ ಇನ್ನೂ ಕೆಟ್ಟದ್ದು: +5.00 ಲೆನ್ಸಿನ ಕೇಂದ್ರ ಪಾಪೆಯಿಂದ 4 ಮಿಲಿಮೀಟರ್ ತಪ್ಪಿದರೆ ಆ ಕಣ್ಣಿನ ಮೇಲೆ 2 ಪ್ರಿಸಮ್ (ಲೆನ್ಸ್ ಚಿತ್ರವನ್ನು ಪಕ್ಕಕ್ಕೆ ಸರಿಸುವ ಅಳತೆ) ಎಳೆತ ಬೀಳುತ್ತದೆ. ಮಗುವಿಗೆ ಇದನ್ನು ಹೇಳಲು ಬಾರದು, ಕಣ್ಣುಜ್ಜಿ ಕನ್ನಡಕ ಕೀಳುತ್ತದೆ.

ಮನೆಯಲ್ಲಿ ನೋಡಬೇಕಾದ್ದು ಇಷ್ಟು. ಎದುರು ಕೂರಿಸಿ ನೋಡಿದರೆ ಕಣ್ಣು ಲೆನ್ಸಿನ ಮಧ್ಯದಲ್ಲಿ ಅಥವಾ ಸ್ವಲ್ಪವೇ ಮೇಲೆ ಇರಬೇಕು. ರೆಪ್ಪೆಗೂದಲು ಗಾಜಿಗೆ ತಾಗಬಾರದು. ನಗಿಸಿ, ಕೆನ್ನೆ ಎದ್ದು ಫ್ರೇಮನ್ನು ಮೇಲಕ್ಕೆ ನೂಕಬಾರದು. ಕಡ್ಡಿಯ ಬಾಗು ಸರಿಯಾಗಿ ಕಿವಿಯ ಮೇಲ್ತುದಿಯಲ್ಲಿ ಶುರುವಾಗಬೇಕು. ಮುಂದೆಯೇ ಬಾಗಿದ್ದರೆ ಕಿವಿಯ ಹಿಂದೆ ಕೆಂಪಗೆ ಗೀರು, ಹಿಂದೆ ಬಾಗಿದ್ದರೆ ಕನ್ನಡಕ ಜಾರುತ್ತದೆ. ತಲೆ ಬಗ್ಗಿಸಿ ಅಲ್ಲಾಡಿಸಿದರೂ ಬೀಳಬಾರದು. ಜಾರಿದರೆ ನಂಬರಿಗೆ ಅಂಥ ನಷ್ಟವಿಲ್ಲ, +5.00 ಲೆನ್ಸ್ ಒಂದು ಸೆಂಟಿಮೀಟರ್ ಮುಂದೆ ಬಂದರೆ ಕಾಲು ಪಾಯಿಂಟ್ ವ್ಯತ್ಯಾಸ. ನಿಜವಾದ ನಷ್ಟ ಬೇರೆ: ಅವಳು ಲೆನ್ಸಿನ ಮೇಲಿಂದ ಬರಿಗಣ್ಣಲ್ಲಿ ನೋಡುತ್ತಿರುತ್ತಾಳೆ, ನೀವು ಹಾಕಿದ್ದಾಳೆ ಅಂದುಕೊಂಡಿರುತ್ತೀರಿ. ಮೂಗಿನ ಸೇತುವೆ ಚಪ್ಪಟೆಯಾಗಿರುವ ಮಕ್ಕಳಲ್ಲಿ ಇದು ಮಾಮೂಲು. ಮೆತ್ತನೆಯ ಸಿಲಿಕಾನ್ ಪ್ಯಾಡ್, ಕಿವಿಯ ಹಿಂದಿನ ಸಿಲಿಕಾನ್ ಕೊಕ್ಕೆ, ಇಲ್ಲವೇ ತಲೆಯ ಹಿಂದೆ ಹೋಗುವ ಎಲಾಸ್ಟಿಕ್ ಪಟ್ಟಿ ಸಾಕು. ಪಟ್ಟಿಯ ಕೆಳಗೆ ನಿಮ್ಮ ಒಂದು ಬೆರಳು ಸಲೀಸಾಗಿ ತೂರಬೇಕು.

ಅಂಗಡಿಗೆ ಹೋದಾಗ ಕನ್ನಡಕವನ್ನು ಲೆನ್ಸೋಮೀಟರಿನಲ್ಲಿಟ್ಟು (ಲೆನ್ಸಿನ ನಂಬರ್ ಅಳೆಯುವ ಯಂತ್ರ) ಚೀಟಿಯ ಜೊತೆ ತಾಳೆ ನೋಡಲು ಹೇಳಿ: ಪವರ್, ಸಿಲಿಂಡರ್ (ಒಂದು ದಿಕ್ಕಿನಲ್ಲಿ ಮಾತ್ರ ಬೇಕಾಗುವ ಹೆಚ್ಚುವರಿ ನಂಬರ್), ಆಕ್ಸಿಸ್ (ಆ ದಿಕ್ಕಿನ ಕೋನ), ಕೇಂದ್ರಗಳ ದೂರ. ಕೇಳುವುದಕ್ಕೆ ಸಂಕೋಚ ಬೇಡ, ಐದು ನಿಮಿಷದ ಕೆಲಸ. ಸಿಲಿಂಡರ್ ಇದ್ದರೆ ಆಕ್ಸಿಸ್ 10 ಡಿಗ್ರಿ ತಿರುಗಿದರೂ ಅದರ ಪ್ರಯೋಜನದಲ್ಲಿ ಮೂರನೇ ಒಂದು ಭಾಗ ಹೋದಂತೆ. ಲೆನ್ಸ್ ಸುಲಭಕ್ಕೆ ಒಡೆಯದ ಪ್ಲಾಸ್ಟಿಕ್ಕಿನದು, ಅಂದರೆ ಪಾಲಿಕಾರ್ಬೊನೇಟ್ ಅಥವಾ ಟ್ರೈವೆಕ್ಸ್, ಆಗಿರಲಿ. ನಿಜವಾದ ಗಾಜಿನದ್ದು ಮಗುವಿಗೆ ಬೇಡವೇ ಬೇಡ.

ಇನ್ನೊಂದನ್ನು ಕೇಳಿ ತಿಳಿದುಕೊಳ್ಳಿ: ನಂಬರ್ ತೆಗೆಯುವ ಮುಂಚೆ ಪಾಪೆ ಹಿಗ್ಗಿಸಿ ಸ್ನಾಯು ಸಡಿಲಿಸುವ ಔಷಧ ಹಾಕಿದ್ದರೇ? ಮೂರು ದಿನ ಮನೆಯಲ್ಲಿ ಅಟ್ರೋಪಿನ್ ಮುಲಾಮು ಹಚ್ಚಿಸಿರಬಹುದು, ಅಥವಾ ಆಸ್ಪತ್ರೆಯಲ್ಲೇ ಡ್ರಾಪ್ಸ್ ಹಾಕಿ ಕಾಯಿಸಿರಬಹುದು. ಹಾಕದೆ ಬರೀ ಮೆಷಿನ್‌ನಲ್ಲಿ ತೆಗೆದ ನಂಬರನ್ನು ಈ ವಯಸ್ಸಿನಲ್ಲಿ ನಾನು ನಂಬುವುದಿಲ್ಲ. ಬಿಗಿದ ಸ್ನಾಯು ಪ್ಲಸ್ ನಂಬರಿನ ಒಂದು ಪಾಲನ್ನು ಬಚ್ಚಿಟ್ಟಿರುತ್ತದೆ.

ಇವೆಲ್ಲ ಸರಿ ಇದ್ದರೆ ಮಾತ್ರ ಅಭ್ಯಾಸದ ಮಾತು. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ, ಹಾಸಿಗೆಯಲ್ಲೇ ಹಾಕಿ. ಸ್ನಾಯು ಬಿಗಿಯಾಗುವ ಮುಂಚೆ ಹಾಕಿದರೆ ಮಂಜು ಕಡಿಮೆ. ಎರಡೂ ಕೈಯಲ್ಲಿ ಕಡ್ಡಿ ಹಿಡಿದು ನೇರವಾಗಿ ಏರಿಸಿ. ಒಂದೇ ಕೈಯಲ್ಲಿ ಹಾಕಿ ತೆಗೆದರೆ ಕಡ್ಡಿ ಅಗಲಿಸುತ್ತದೆ. ತಕ್ಷಣ ಕೈಗೆ ಹತ್ತಿರದ ಕೆಲಸ ಕೊಡಿ: ಅಕ್ಕಿಯಲ್ಲಿ ಕಲ್ಲು ಆರಿಸುವುದು, ಮಣಿ ಪೋಣಿಸುವುದು, ಚಿತ್ರಕ್ಕೆ ಬಣ್ಣ. ಹತ್ತಿರದ್ದಕ್ಕೆ ಪ್ಲಸ್ ಲೆನ್ಸಿನ ಲಾಭ ಬೇಗ ಗೊತ್ತಾಗುತ್ತದೆ. ಮೊದಲ ವಾರ ತೋಟದಲ್ಲಿ ಓಡಿಸುವುದಕ್ಕಿಂತ ಇದು ಉತ್ತಮ. ಸಿಲಿಂಡರ್ ಇದ್ದರೆ ನೆಲ ಓರೆಯಾಗಿ ಕಂಡು ಮೆಟ್ಟಿಲಲ್ಲಿ ಎಡವಬಹುದು. ಕಿತ್ತರೆ ಬೈಯದೆ, ಮುದ್ದೂ ಮಾಡದೆ ಮತ್ತೆ ಹಾಕಿ. ಮತ್ತೆ ಕಿತ್ತರೆ ಡಬ್ಬಿಯಲ್ಲಿಟ್ಟು ಹತ್ತು ನಿಮಿಷ ಬಿಟ್ಟು ಹಾಕಿ. "ತೆಗೆದರೆ ಮೊಬೈಲ್ ಇಲ್ಲ" ಎನ್ನುವ ಬದಲು ಕನ್ನಡಕ ಇದ್ದರೆ ಮಾತ್ರ ಟಿವಿ ಎಂದು ಇಟ್ಟುಕೊಂಡರೆ ಕೆಲಸ ಆಗುತ್ತದೆ. ಮಲಗುವಾಗ, ಸ್ನಾನದಲ್ಲಿ ಬಿಟ್ಟು ಉಳಿದೆಲ್ಲ ಹೊತ್ತು ಬೇಕು. ಅಂಗನವಾಡಿಯಲ್ಲೋ ಎಲ್‌ಕೆಜಿಯಲ್ಲೋ ಇದ್ದರೆ ಮಿಸ್‌ಗೆ ಹೇಳಿ, ಮಧ್ಯಾಹ್ನ ಮಲಗಿಸಿ ಎಬ್ಬಿಸಿದಾಗ ಮತ್ತೆ ಹಾಕುವುದು ಅವರ ಕೈಯಲ್ಲಿದೆ.

ಎರಡು ಮೂರು ವಾರ ಹೀಗೆ ಮಾಡಿಯೂ ಮೇಲಿಂದಲೇ ನೋಡುತ್ತಿದ್ದರೆ ವೈದ್ಯರಿಗೆ ಹೇಳಿ. ಕೆಲವೊಮ್ಮೆ ಅವರು ಕೆಲವು ದಿನ ಅಟ್ರೋಪಿನ್ ಕೊಟ್ಟು ಸ್ನಾಯುವನ್ನು ಸಡಿಲಿಸುತ್ತಾರೆ. ಹಳೆಯ ಟ್ಯೂಬ್ ಮನೆಯಲ್ಲಿ ಉಳಿದಿದೆ ಅಂತ ನೀವಾಗಿ ಹಚ್ಚಬೇಡಿ.

ಒಂದು ಸಂಗತಿ ಮೊದಲೇ ತಿಳಿದಿರಲಿ, ಇಲ್ಲದಿದ್ದರೆ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಕೆಲವು ವಾರ ಹಾಕಿ ಅಭ್ಯಾಸವಾದ ಮೇಲೆ ರಾತ್ರಿ ಕನ್ನಡಕ ತೆಗೆದಾಗ ಕಣ್ಣು ಮೂಗಿನ ಕಡೆ ಓರೆಯಾಗಿ ಕಾಣಬಹುದು. "ಕನ್ನಡಕದಿಂದ ಮೆಳ್ಳೆಗಣ್ಣು ಬಂತು" ಎಂದು ಕನ್ನಡಕ ನಿಲ್ಲಿಸಿಬಿಡುವವರಿದ್ದಾರೆ. ಕಾರಣ ಕನ್ನಡಕವಲ್ಲ. ಸಡಿಲವಾಗಿದ್ದ ಸ್ನಾಯು ಮತ್ತೆ ಬಿಗಿದಾಗ ಅದರ ಜೊತೆಗೇ ಕಣ್ಣುಗಳು ಒಳಕ್ಕೆ ತಿರುಗುತ್ತವೆ. ಕನ್ನಡಕ ಹಾಕಿದಾಗ ನೇರವಾಗಿದ್ದರೆ ಚಿಂತೆಯಿಲ್ಲ, ಮುಂದಿನ ಭೇಟಿಯಲ್ಲಿ ಹೇಳಿ. ಹಾಕಿದ್ದಾಗಲೂ ಓರೆಯಿದ್ದರೆ ಬೇಗ ತೋರಿಸಿ.

ಮಳೆಗಾಲಕ್ಕೆ ನಮ್ಮ ಕಡೆ ಬೇರೆಯೇ ತಯಾರಿ ಬೇಕು. ಹೊರಗಿನ ಚಳಿಯಿಂದ ಒಲೆ ಉರಿಯುವ ಅಡುಗೆಮನೆಗೆ ಬಂದರೆ ಲೆನ್ಸ್ ಪೂರ್ತಿ ಹಬೆ. ಒಂದು ನಿಮಿಷ ಬಿಟ್ಟರೆ ತಾನೇ ಹೋಗುತ್ತದೆ, ಸ್ವೆಟರಿನಲ್ಲಿ ಉಜ್ಜುವುದೇ ಗೀರಿಗೆ ಮೂಲ. ತೊಳೆಯಲು ತಣ್ಣೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಒರೆಸಲು ಹಳೆಯ ಹತ್ತಿ ಪಂಚೆಯ ತುಂಡು. ಜುಲೈನಲ್ಲಿ ಒಂದು ತುಂಡು ಒಣಗುವುದೇ ಇಲ್ಲ, ಆದ್ದರಿಂದ ನಾಲ್ಕೈದು ಇಟ್ಟುಕೊಳ್ಳಿ. ಬಟ್ಟೆಯ ಜೊತೆ ಕನ್ನಡಕವನ್ನೂ ಒಲೆಯ ಹತ್ತಿರ ಒಣಗಲು ಇಡಬೇಡಿ, ಬಿಸಿಗೆ ಲೆನ್ಸಿನ ಕೋಟಿಂಗ್ ಬಿರಿಯುತ್ತದೆ. ಡಬ್ಬಿಯನ್ನು ರಾತ್ರಿ ತೆರೆದಿಡಿ, ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಲೋಹದ ಫ್ರೇಮಿನ ಪ್ಯಾಡಿನ ಬುಡದಲ್ಲಿ ಹಸಿರು ಕಿಲುಬು ಕಟ್ಟಿ ಮೂಗಿಗೆ ತುರಿಕೆಯಾಗುವುದರಿಂದ ಇಲ್ಲಿ ಪ್ಲಾಸ್ಟಿಕ್ ಫ್ರೇಮೇ ವಾಸಿ. ರೇನ್‌ಕೋಟಿನ ಟೋಪಿ ಕನ್ನಡಕವನ್ನು ಕೆಳಕ್ಕೆ ದೂಡುತ್ತದೆ. ಒಳಗೆ ಮುಂಚಾಚು ಇರುವ ಕ್ಯಾಪ್ ಹಾಕಿದರೆ ಅದೂ ತಪ್ಪುತ್ತದೆ, ಜಡಿಮಳೆಯೂ ಲೆನ್ಸಿಗೆ ಬಡಿಯುವುದಿಲ್ಲ. ಸಾಧ್ಯವಾದರೆ ಇನ್ನೊಂದು ಜೊತೆ ಮಾಡಿಸಿಡಿ. ಸೋಮವಾರಪೇಟೆ ಕಡೆಯ ತೋಟದ ಮನೆಯಿಂದ ಮಳೆಯಲ್ಲಿ ಅಂಗಡಿಗೆ ಬಂದು, ಮಕ್ಕಳ ಲೆನ್ಸ್ ಹೊರಗಿನಿಂದ ತರಿಸುವಷ್ಟರಲ್ಲಿ ದಿನಗಳೇ ಹೋಗುತ್ತವೆ.

ಅಜ್ಜಿಗೆ ಹೀಗೆ ಹೇಳಿ: ಕನ್ನಡಕ ಹಾಕಿದ್ದರಿಂದ ನಂಬರ್ ಏರುವುದಿಲ್ಲ. ಕ್ಯಾರೆಟ್ಟು, ಸೊಪ್ಪು ಒಳ್ಳೆಯದೇ, ಆದರೆ ಕಣ್ಣುಗುಡ್ಡೆಯನ್ನು ಉದ್ದ ಮಾಡುವುದಿಲ್ಲ. ಬೆಳೆಯುತ್ತಾ ಪ್ಲಸ್ ಸ್ವಲ್ಪ ಇಳಿಯಬಹುದು. ಅದನ್ನೇ ಕಾಯುತ್ತಾ ಕೂತರೆ ಬಲಗಣ್ಣು ಕಲಿಯುವ ವಯಸ್ಸು ದಾಟುತ್ತದೆ. ಏಳೆಂಟು ವರ್ಷದೊಳಗೆ ಸಿಗುವ ಫಲ ಆಮೇಲೆ ಅಷ್ಟು ಸುಲಭದಲ್ಲಿ ಸಿಗದು.

ಆರರಿಂದ ಎಂಟು ವಾರದಲ್ಲಿ ದೃಷ್ಟಿ ಪರೀಕ್ಷೆಗೆ ಹೋಗಿ. ಕನ್ನಡಕವೊಂದರಿಂದಲೇ ಸೋಮಾರಿ ಕಣ್ಣು ನಾಲ್ಕು ತಿಂಗಳವರೆಗೂ ಸುಧಾರಿಸುತ್ತಾ ಹೋಗಬಹುದು. ಸಾಲದಿದ್ದರೆ ಎಡಗಣ್ಣಿಗೆ ಪ್ಯಾಚ್: ಮಧ್ಯಮ ಮಟ್ಟದ್ದಕ್ಕೆ ಸಾಮಾನ್ಯವಾಗಿ ದಿನಕ್ಕೆ 2 ಗಂಟೆ, ತೀವ್ರವಾದದ್ದಕ್ಕೆ 6 ಗಂಟೆ. ಅದನ್ನು ಚರ್ಮಕ್ಕೇ ಅಂಟಿಸಿ ಮೇಲೆ ಕನ್ನಡಕ ಹಾಕಬೇಕು. ಲೆನ್ಸಿಗೆ ಬಟ್ಟೆ ಸುತ್ತಿದರೆ ಪಕ್ಕದಿಂದ ಇಣುಕುತ್ತಾಳೆ.

ಎರಡೂವರೆ ವರ್ಷದ ತಮ್ಮ ಇದ್ದಾನೆ ಅಂದಿರಲ್ಲ, ಅವನನ್ನೂ ಅದೇ ಭೇಟಿಯಲ್ಲಿ ಔಷಧ ಹಾಕಿಸಿ ನೋಡಿಸಿ. ಪ್ಲಸ್ ನಂಬರ್, ಮೆಳ್ಳೆಗಣ್ಣು ಎರಡೂ ಒಡಹುಟ್ಟಿದವರಲ್ಲಿ ಕಾಣಿಸಿಕೊಳ್ಳುವಂಥವು. ಅಂಗನವಾಡಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಅಕ್ಕನಿಗೆ ಇಂಥ ನಂಬರ್ ಇದೆ ಎಂದು ಅವರಿಗೂ ಹೇಳಿ, ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ.